ಕೆಟ್ಟುಹೋದ ರೆಕಾರ್ಡಿಂಗುಗಳು

ಆಗಸ್ಟ್ 24, ಭಾನುವಾರ

ಕಂಪ್ಯೂಟರು ಇವತ್ತೂ ಕಟಕಟ ಎಂದಿತು. ನಿದ್ದೆಯಲ್ಲಿ ಹಲ್ಲು ಕಡಿಯುವ ಮಕ್ಕಳ ಹಾಗೆ ಒಂದಷ್ಟು ಹೊತ್ತು ಕಡಿಯುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಒಳಗಿನ ಹಾರ್ಡ್ ಡಿಸ್ಕ್ ಕೈಕೊಡುವ ಹಂತಕ್ಕೆ ಬಂದಿದೆಯಂತೆ. ಹಾಗೆಂದು ಚಿಕ್ಕವಳು ಹೇಳಿದಳು. ಕಡೂರಿನ ಕಾಲೇಜಿನಲ್ಲಿ ಕಂಪ್ಯೂಟರನ್ನೇ ಓದುತ್ತಿರುವವಳು, ನಂಬಲೇಬೇಕು.

"ಬ್ಯಾಕಪ್ ತಗೊಂಬಿಡಣ ಕಣಮ್ಮ. ಒಂದಿನ ಆನ್ ಮಾಡಿದ್ರೆ ಏನೂ ಇರಲ್ಲ. ಆಮೇಲೆ ಅಳ್ತೀಯ" ಎಂದಳು.

ಈಗೇನು ನಗುತ್ತಾ ಕೂತಿದ್ದೇನೆಯೇ ಎಂದು ಬಾಯಿಗೆ ಬಂತು. ನುಂಗಿಕೊಂಡೆ.

ಕಂಪ್ಯೂಟರು ದೊಡ್ಡವಳದು, ಭೂಮಿಕಾಳದು. ಇಲ್ಲಿ ತರೀಕೆರೆಯ ಫ್ಲೆಕ್ಸ್ ಅಂಗಡಿಗೆ ಮನೆಯಿಂದಲೇ ಡಿಸೈನ್ ಮಾಡಿಕೊಡುತ್ತಿದ್ದಳು. ಊರಿನಲ್ಲಿ ಯಾರು ಹುಟ್ಟುಹಬ್ಬ ಮಾಡಿಕೊಂಡರೂ, ಯಾರು ಗೆದ್ದರೂ, ಯಾರು ಸತ್ತರೂ ಅವರ ಮುಖ ಮೊದಲು ನಮ್ಮ ನಡುಮನೆಯ ಈ ಪರದೆಯ ಮೇಲೆ ಬರುತ್ತಿತ್ತು. ಜೂನ್‌ನಲ್ಲಿ ಡೆಂಗಿ ಜ್ವರ ಅವಳನ್ನು ಎಳೆದುಕೊಂಡು ಹೋಯಿತು. ಅವಳ ಶ್ರದ್ಧಾಂಜಲಿ ಫ್ಲೆಕ್ಸನ್ನು ಅಂಗಡಿಯ ಸಿದ್ದಪ್ಪ ಅವಳೇ ಮಾಡಿಟ್ಟಿದ್ದ ಮಾದರಿಯಲ್ಲಿ ಫೋಟೊ, ಹೆಸರು ಬದಲಿಸಿ ಹಾಕಿಸಿದ. ಸುತ್ತ ಮಲ್ಲಿಗೆ ಬಳ್ಳಿ, ಮೂಲೆಯಲ್ಲೊಂದು ದೀಪ. ಆ ದೀಪದ ಬಣ್ಣ ಸರಿ ಬರಲಿಲ್ಲವೆಂದು ಅವಳು ಒಂದಿಡೀ ಸಂಜೆ ಗೊಣಗಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದೆ, ನನಗೇನೋ ಸರಿಯಾಗಿಯೇ ಕಂಡಿತು.

ಶಾಲೆಯಲ್ಲಿ ದಿನಾ ಪಾಠದ ಡೈರಿ ಬರೆದು ಬರೆದು ಮನೆಯಲ್ಲೂ ಬರೆಯುವ ಚಟ ಹತ್ತಿದೆ. ಅದಕ್ಕಾದರೆ ಹೆಡ್‌ಮಾಸ್ಟರ್ ಸಹಿ ಹಾಕುತ್ತಾರೆ. ಇದನ್ನು ಯಾರೂ ನೋಡುವುದಿಲ್ಲ, ಸದ್ಯ.

ಆಗಸ್ಟ್ 27, ಬುಧವಾರ

ಊರಿಗೆಲ್ಲ ಗಣಪತಿ ಹಬ್ಬ. ನಮ್ಮ ಮನೆಯಲ್ಲಿ ಬುದ್ಧ, ಬಾಬಾಸಾಹೇಬರ ಫೋಟೊ ಇರುವುದರಿಂದ ಹಬ್ಬದ ಗಲಾಟೆಯಿಲ್ಲ, ರಜೆ ಮಾತ್ರ ಉಂಟು. ದಿನವಿಡೀ 'ವೇಸ್ಟ್' ಕೇಳುತ್ತಾ ಕೂತೆ.

ಭೂಮಿಕಾಗೆ ಒಂದು ಹುಚ್ಚಿತ್ತು. ಫ್ಲೆಕ್ಸ್ ಮಾಡುವುದನ್ನು ಕನ್ನಡದಲ್ಲಿ ಹೇಳಿಕೊಡುವ ಚಾನೆಲ್ ಶುರು ಮಾಡಬೇಕು, ಹಳ್ಳಿ ಹುಡುಗಿಯರು ಮನೆಯಲ್ಲೇ ಕೂತು ಕಲಿಯಬೇಕು ಅಂತ. ಪರದೆಯನ್ನೂ ತನ್ನ ಮಾತನ್ನೂ ಒಟ್ಟಿಗೆ ರೆಕಾರ್ಡ್ ಮಾಡುತ್ತಿದ್ದಳು. ಚೆನ್ನಾಗಿ ಬಂದದ್ದು 'ಓಕೆ' ಎಂಬ ಫೋಲ್ಡರಿಗೆ, ಮಧ್ಯೆ ಸದ್ದಾಗಿ ಕೆಟ್ಟದ್ದು 'ವೇಸ್ಟ್' ಎಂಬುದಕ್ಕೆ. ಇನ್ನೂ ಚೆನ್ನಾಗಿ ಬರಲಿ, ಇನ್ನೂ ಚೆನ್ನಾಗಿ ಬರಲಿ ಎಂದುಕೊಂಡು ಒಂದನ್ನೂ ಹೊರಗೆ ಹಾಕಲಿಲ್ಲ. ಓಕೆಯಲ್ಲಿರುವುದು ಬೆರಳೆಣಿಕೆಯಷ್ಟು. ಅದರಲ್ಲಿ ಅವಳು ಟಿವಿಯವರ ಹಾಗೆ ಗಂಟಲು ಸರಿಮಾಡಿಕೊಂಡು ಮಾತಾಡುತ್ತಾಳೆ, ನನ್ನ ಮಗಳಲ್ಲ ಅನ್ನಿಸುತ್ತದೆ. ವೇಸ್ಟ್ ಮಾತ್ರ ರಾಶಿ ಬಿದ್ದಿದೆ. ಕೆಡಿಸಿದವಳು ಹೆಚ್ಚುಪಾಲು ನಾನೇ.

"ನಮಸ್ಕಾರ, ಇವತ್ತು ಫೋಟೊ ಹಿಂದಿನ ಬಣ್ಣ ತೆಗೆಯೋದು ಹೇಗೆ ಅಂತ ನೋಡೋಣ..." ಅಷ್ಟರಲ್ಲಿ ಅಡಿಗೆಮನೆಯಿಂದ ನನ್ನ ಧ್ವನಿ: "ಲೇ, ಹಾಲು ಉಕ್ಕಿ ಸುರೀತೈತೆ, ಮೂಗಿಲ್ವೇನೇ ನಿಂಗೆ?" "ಅಯ್ಯೋ ಅಮ್ಮ, ರೆಕಾರ್ಡಿಂಗ್ ಕಣಮ್ಮ!" "ರೆಕಾರ್ಡಿಂಗ್ ಅಂತೆ. ಯಾರ್ ಕೇಳ್ತಾರೆ ನಿನ್ ಪುರಾಣನ?" ಅವಳು ನಗುತ್ತಾಳೆ. ನಗು ಅರ್ಧಕ್ಕೆ ನಿಲ್ಲುತ್ತದೆ, ಅಲ್ಲಿಗೆ ಆಫ್ ಮಾಡಿದ್ದಾಳೆ.

ಯಾರು ಕೇಳುತ್ತಾರೆ ಎಂದವಳೇ ಈಗ ಕೇಳುತ್ತಿದ್ದೇನೆ. ಮಧ್ಯಾಹ್ನ ಒಮ್ಮೆ ಡಿಸ್ಕ್ ಕಟಕಟ ಎಂದು ಚಿತ್ರ ನಿಂತೇ ಹೋಯಿತು.  ಇದನ್ನು ಉಳಿಸಿಕೊಳ್ಳಲೇಬೇಕು.

ಆಗಸ್ಟ್ 31, ಭಾನುವಾರ

ಕಡೂರಿಗೆ ಹೋಗಿ ಬಂದೆ. ಮೋಹನ್ ಎನ್ನುವವರ ಕಂಪ್ಯೂಟರ್ ಅಂಗಡಿ. ಶಾಲೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡುವವರೂ ಅವರೇ, ಹಾಗಾಗಿ ಪರಿಚಯ. ಚಿಕ್ಕವಳೂ ಬಂದಿದ್ದಳು.

ಮೋಹನ್ ಒಂದು ಕಪ್ಪು ಡಬ್ಬಿ ತೋರಿಸಿದರು. "ನಾಸ್ ಅಂತಾರೆ ಟೀಚರ್ ಇದನ್ನ. ಎರಡು ಡಿಸ್ಕ್ ಹಾಕಿ ವೈಫೈ ರೌಟರ್‌ಗೆ ಚುಚ್ಚಿದ್ರೆ ಮುಗೀತು. ಮನೆ ಕಂಪ್ಯೂಟರು, ಮೊಬೈಲು ಎಲ್ಲ ಅದ್ರೊಳಗಿಂದೇ ನೋಡಬಹುದು. ಒಂದು ಡಿಸ್ಕ್ ಹೋದ್ರೂ ಇನ್ನೊಂದ್ರಲ್ಲಿ ಇರುತ್ತೆ."

ಸಾಧಾರಣ ತಿರುಗುವ ಹಾರ್ಡ್ ಡಿಸ್ಕ್ ಹಾಕಿಸಿಕೊಳ್ಳಿ, ನಿಧಾನ ಆದರೂ ಬಾಳಿಕೆ ಬರುತ್ತದೆ, ಜಾಗವೂ ಜಾಸ್ತಿ ಎಂದರು. ನಾನು ಎಸ್‌ಎಸ್‌ಡಿ ಕೇಳಿದೆ. ವೇಗದ್ದು ಅದೇ ಎಂದು ಓದಿಕೊಂಡು ಹೋಗಿದ್ದೆ.

"ಸ್ಪೀಡ್ ಯಾಕ್ ಟೀಚರ್ ನಿಮ್ಗೆ? ಸಿನಿಮಾ ಏನಾದ್ರೂ ತೆಗೀತೀರಾ?"

"ತಡ ಆಗಬಾರ್ದು" ಎಂದೆ.

ಅವರು ನಕ್ಕರು. ಚಿಕ್ಕವಳು ನಗಲಿಲ್ಲ. ಭೂಮಿಕಾಳನ್ನು ಆಸ್ಪತ್ರೆಗೆ ಒಯ್ದ ದಿನ ಅವಳೂ ಅದೇ ಕಾರಿನಲ್ಲಿದ್ದಳು. ಶಿವಮೊಗ್ಗದ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ, ಮುಗಿಯುತ್ತದೆ ಎಂದರೆ ಇನ್ನೊಂದು ಬೋಗಿ, ಅದರ ಹಿಂದೆ ಮತ್ತೊಂದು. ಭೂಮಿಕಾಳ ತಲೆ ನನ್ನ ತೊಡೆಯ ಮೇಲೆ ಕೆಂಡದ ಹಾಗೆ ಸುಡುತ್ತಿತ್ತು. ಗೇಟು ತೆರೆದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಇರಬಹುದು. ಅವತ್ತಿನಿಂದ ನಿಧಾನವಾದದ್ದು ಯಾವುದೂ ನನಗೆ ಆಗಿಬರುವುದಿಲ್ಲ.

ಸೆಪ್ಟೆಂಬರ್ 4, ಗುರುವಾರ

ಬೆಳಗಿನ ಬಸ್ಸಿನಲ್ಲಿ ಈರುಳ್ಳಿ ಮೂಟೆಗಳ ಮಧ್ಯೆ ನಿಂತುಕೊಂಡೇ ನಾಸ್‌ಗಳ ಬಗ್ಗೆ ಓದಿದೆ. ಓದಿದಷ್ಟೂ ಗೊಂದಲ. ಒಬ್ಬ ಇದೇ ಒಳ್ಳೆಯದು ಎನ್ನುತ್ತಾನೆ, ಕೆಳಗೆ ಹತ್ತು ಜನ ಅವನಿಗೆ ಬೈದಿರುತ್ತಾರೆ. ವೇಗದ ಡಿಸ್ಕ್ ಇದ್ದರೆ ಸಾಲದು, ಅದಕ್ಕೆ ತಕ್ಕ ರೌಟರ್ ಬೇಕು, ಕೇಬಲ್ಲೂ ಬೇಕು. ಹಸು ತಂದವನು ಹಗ್ಗವನ್ನೂ ತರಬೇಕಲ್ಲ. ಅಜ್ಜಂಪುರ ಬಂದದ್ದೇ ಗೊತ್ತಾಗಲಿಲ್ಲ, ಶಾಲೆಯ ಹಳ್ಳಿಗೆ ಹೋಗುವ ಆಟೊ ಹೋಗಿಬಿಟ್ಟಿತ್ತು.

ಡ್ಯಾಮಿನ ಕೆಲಸದ ಮೇಲೆ ಲಕ್ಕವಳ್ಳಿಯಲ್ಲಿರುವ ಇವರು ಫೋನು ಮಾಡಿದ್ದರು. ಡ್ಯಾಮಿನಲ್ಲಿ ನೀರು ಜಾಸ್ತಿ, ಈ ವಾರ ಬರಲಾಗುವುದಿಲ್ಲವಂತೆ. "ನಿನ್ನ ಮನಸ್ಸಿಗೆ ಸಮಾಧಾನ ಆಗೋದಾದ್ರೆ ತಗೋ" ಎಂದರು. ಸಮಾಧಾನದ ಮಾತು ಯಾರು ಎತ್ತಿದ್ದರು? ನಾನು ಕೇಳಿದ್ದು ಕೇಬಲ್ ಯಾವುದು ಅಂತ.

ಸೆಪ್ಟೆಂಬರ್ 13, ಶನಿವಾರ

ಡಬ್ಬಿ ಬಂತು. ಎಸ್‌ಎಸ್‌ಡಿ ಹಾಕಿದ್ದೇ. ಕಂಪ್ಯೂಟರಿನ ಒಳಗೂ ಹೊಸ ಎಸ್‌ಎಸ್‌ಡಿ ಹಾಕಿಸುವುದು ಎಂದಾಯಿತು. ಜೋಡಿಸಲು ಮೋಹನ್ ಮುಂದಿನ ಶನಿವಾರ ಬರುತ್ತಾರೆ.

ಅತ್ತೆಗೆ ಸಿಟ್ಟು. ಪಕ್ಷ ಶುರುವಾಗಿದೆ, ಹಿರಿಯರ ಹದಿನೈದು ದಿನಗಳಲ್ಲಿ ಹೊಸದೇನೂ ಮನೆಗೆ ತರಬಾರದು.

"ಹಿರೀಕರು ಮನೆಗೆ ಬರೋ ದಿವ್ಸದಾಗೆ ಹೊಸ ಮಿಷನ್ನು ತಂದು ಕೂರ್ಸವ್ಳಲ್ಲ. ಬಂದೋರು ಬೆದರ್ಕೊಂಡು ಹೋಗಲ್ವೇನವ್ವ?"

"ಬೆದರೋ ಹಿರೀಕರು ನಮ್ಮ ಕುಲದಲ್ಲಿ ಯಾರಿದ್ರು ಅತ್ತೆ?" ಎಂದೆ.

"ಅದೂ ದಿಟಾನೆ" ಎಂದು ನಕ್ಕುಬಿಟ್ಟರು. ಬೌದ್ಧ ದೀಕ್ಷೆ ತೆಗೆದುಕೊಂಡು ಇಷ್ಟು ವರ್ಷವಾದರೂ ಅತ್ತೆ ಎಡೆ ಇಡುವುದನ್ನು ಬಿಟ್ಟಿಲ್ಲ. ಇವರು ಪ್ರತಿ ವರ್ಷ ತಾಯಿಯ ಹತ್ತಿರ ಅದಕ್ಕೇ ಜಗಳವಾಡುತ್ತಾರೆ, ಕೊನೆಗೆ ಕೋಳಿ ತಂದುಕೊಡುವವರೂ ಅವರೇ.

ಸೆಪ್ಟೆಂಬರ್ 20, ಶನಿವಾರ

ಮೋಹನ್ ಬಂದು ಎಲ್ಲ ಜೋಡಿಸಿದರು. ಕಂಪ್ಯೂಟರಿನಲ್ಲಿ ಏನಿದೆಯೋ ಅದೇ ಡಬ್ಬಿಯಲ್ಲೂ ಇರುವ ಹಾಗೆ ಮಾಡಿದ್ದಾರೆ. ಕನ್ನಡಿ ಇದ್ದ ಹಾಗೆ, ಇಲ್ಲಿ ಒಂದು ಫೈಲ್ ಇಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಅಲ್ಲೂ ಇರುತ್ತದೆ.

"ರಿಸೈಕಲ್ ಬಿನ್ ಆನ್ ಮಾಡ್ಲಾ ಟೀಚರ್? ಅಳಿಸಿದ್ದೆಲ್ಲ ಒಂದು ತಿಂಗಳು ಅದ್ರಲ್ಲಿ ಬಿದ್ದಿರುತ್ತೆ. ಸ್ವಲ್ಪ ಜಾಗ ತಿನ್ನುತ್ತೆ, ಅಷ್ಟೇ."

"ಕಸದ ಬುಟ್ಟಿ ಬ್ಯಾಡ. ಈ ಮನೇಲಿ ಅವಳದು ಬಿಸಾಕೋವಂಥದ್ದು ಏನೂ ಇಲ್ಲ" ಎಂದೆ.

ಚಿಕ್ಕವಳು ಏನೋ ಹೇಳಲು ಬಾಯಿ ತೆರೆದಳು. ಮೋಹನ್ ಆಗಲೇ ಮುಂದಕ್ಕೆ ಹೋಗಿದ್ದರು.

ಡಬ್ಬಿ ವೇಗದ್ದೇ, ಆದರೆ ಹಳೆಯ ಡಿಸ್ಕ್ ಕುಂಟುತ್ತಿರುವುದರಿಂದ ಕಾಪಿಯಾಗಲು ನಾಳೆ ಸಂಜೆಯವರೆಗೂ ಬೇಕಂತೆ. ಮುಗಿಯುವವರೆಗೆ ಕರೆಂಟು ಹೋಗದಿದ್ದರೆ ಸಾಕು.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

ಅತ್ತೆ ಬೆಳಗ್ಗೆಯೇ ಮನೆ ತೊಳೆದು ಕೋಳಿ ಸಾರು, ವಡೆ, ಕಜ್ಜಾಯ ಮಾಡಲು ಕೂತರು. ಮಾವನವರಿಗೆ ಬೀಡಿ ಕಟ್ಟು, ಎಲೆ ಅಡಿಕೆ. ಇವರು ಈ ಸಲ ಜಗಳವಾಡಲಿಲ್ಲ. ಲಕ್ಕವಳ್ಳಿಯಿಂದ ಬಂದವರು ಚೀಲ ಇಟ್ಟು ನೇರ ಬಾಳೆ ಎಲೆ ಕೊಯ್ಯಲು ಹೋದರು.

ಮಾವನವರ ಎಲೆ ಬಡಿಸಿದ ಮೇಲೆ ಅತ್ತೆ ಇನ್ನೊಂದು ಎಲೆ ಹಿಡಿದು ನಿಂತರು. ಎಲ್ಲಿ ಹಾಕುವುದೆಂದು ತಿಳಿಯದೆ ನಿಂತೇ ಇದ್ದರು.

"ಹಿರೀಕರಿಗೆ ಇಡೋ ಎಡೇನ ಕೂಸಿಗೆ ಇಡೋ ಹಂಗಾತಲ್ಲವ್ವ" ಎಂದು ಒಂದು ಸಲ ಅತ್ತರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನು ಕೇಳಿದರು: "ಅವ್ಳು ಆ ಡಬ್ಬಿಯೊಳಗವ್ಳೆ ಅಂತೀಯಲ್ಲ, ಅಲ್ಲೇ ಇಕ್ಕಲಾ?"

ಇಕ್ಕಿ ಎಂದೆ. ಟಿವಿ ಮೇಜಿನ ಮೇಲೆ ನಾಸ್ ಮುಂದೆ ಎಲೆ ಹಾಕಿ ಬಡಿಸಿದರು. ಚಿಕ್ಕವಳು ಯಾರೂ ಹೇಳದೆ ಬೇಕರಿಗೆ ಹೋಗಿ ಎಗ್ ಪಫ್ ತಂದಿದ್ದಳು. ಅದನ್ನು ಎಲೆಯ ತುದಿಗಿಟ್ಟು, ಮೇಲಿನ ಪದರವನ್ನು ಸುಲಿದು ಪಕ್ಕಕ್ಕೆ ಇಟ್ಟಳು. ಭೂಮಿಕಾ ಮೊದಲು ತಿನ್ನುತ್ತಿದ್ದದ್ದು ಆ ಪದರವನ್ನೇ.

ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಂತೆವು. ಕಿಟಕಿಯ ಸಂದಿಯಲ್ಲಿ ಡಬ್ಬಿಯ ನೀಲಿ ದೀಪ ಪಿಳಿಪಿಳಿ ಎನ್ನುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅತ್ತೆ ನನ್ನ ರೆಟ್ಟೆ ಹಿಡಿದು ಪಿಸುಗುಟ್ಟಿದರು, "ನೋಡವ್ವ, ಉಣ್ತಾವ್ಳೆ."

ಇವರು ಗೋಡೆಯ ಕಡೆ ತಿರುಗಿಬಿಟ್ಟರು. ಅದು ಕಾಪಿಯಾಗುವ ದೀಪ ಎಂದು ನಾನು ಹೇಳಲಿಲ್ಲ. ದೀಪ ನಿಲ್ಲುವವರೆಗೆ ಎಲೆ ಎತ್ತುವುದು ಬೇಡ ಎಂದೆ. ಸಾಯಂಕಾಲದವರೆಗೂ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಹಳೆಯ ಡಿಸ್ಕ್ ಪೂರ್ತಿ ನಿಂತುಹೋಯಿತು. ಕಾಪಿ ಮುಗಿದ ಮೇಲೆ ಮೋಹನ್ ಹೊರಗೆ ತೆಗೆದಿಟ್ಟಿದ್ದರು, ಚಿಕ್ಕವಳು ಜೋಡಿಸಿ ನೋಡಿದರೆ ಕಟಕಟ ಸದ್ದೂ ಇಲ್ಲ. ಸರಿಯಾದ ಸಮಯಕ್ಕೆ ಎಲ್ಲ ಮುಗಿಸಿದೆ. ಈ ವರ್ಷ ನಾನು ತಡ ಮಾಡದೆ ಮಾಡಿದ್ದು ಇದೊಂದು ಕೆಲಸ.

ಡಬ್ಬಿ ನಿಜಕ್ಕೂ ಚುರುಕು. ಅಡಿಗೆ ಮಾಡುತ್ತಾ ಫೋನಿನಲ್ಲಿ ಹೆಸರು ಒತ್ತಿದರೆ ಸಾಕು, ಬಾಯಿ ತೆರೆದ ಕೂಡಲೇ ಓಗೊಟ್ಟ ಹಾಗೆ ಅವಳ ಧ್ವನಿ. ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಒಗ್ಗರಣೆ ಹಾಕಿದೆ, ರೊಟ್ಟಿ ತಟ್ಟಿದೆ, ಪಾತ್ರೆ ತೊಳೆದೆ. ಚಿಕ್ಕವಳು ಪಕ್ಕದಲ್ಲಿ ನಿಂತು ಏನೋ ಹೇಳುತ್ತಿದ್ದಳು. ಕಾಲೇಜಿನಲ್ಲಿ ಸೆಮಿನಾರ್ ಎಂದೋ ಏನೋ. ಹೂಂ ಎಂದೆ.

ಅಕ್ಟೋಬರ್ 3, ಶುಕ್ರವಾರ

ದಸರಾ ರಜೆಯೆಲ್ಲ ಮನೆ ಮನೆ ಸಮೀಕ್ಷೆಗೆ ಹೋಯಿತು. ಬಿಸಿಲಲ್ಲಿ ಹಳ್ಳಿ ಸುತ್ತಿ, ನೆಟ್‌ವರ್ಕ್ ಸಿಗುವ ಕಟ್ಟೆ ಹುಡುಕಿಕೊಂಡು ಕೂತು, ಎಲ್ಲರನ್ನೂ ಮನೆಯಲ್ಲಿ ಎಷ್ಟು ಜನ ಎಂದು ಕೇಳುವ ಕೆಲಸ. ನಮ್ಮ ಮನೆಗೆ ಇವತ್ತು ಜಯಲಕ್ಷ್ಮಮ್ಮ ಟೀಚರ್ ಬಂದಿದ್ದರು. ಅವರೂ ಅದನ್ನೇ ಕೇಳಬೇಕಲ್ಲ, ಕೇಳಿದರು. ಐದು ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಫೋನಿನಲ್ಲಿ ನಾಲ್ಕು ಒತ್ತಿದರು.

ಚಿಕ್ಕವಳ ಮೊಣಕಾಲಿಗೆ ಬ್ಯಾಂಡೇಜು ಇದೆ, ಹಳೆಯದರ ಹಾಗೆ ಕಾಣುತ್ತದೆ. ಏನಾಯಿತೆಂದು ಅತ್ತೆಯನ್ನು ಕೇಳಬೇಕು.

ಅಕ್ಟೋಬರ್ 9, ಗುರುವಾರ

ವೇಸ್ಟ್ ಇಲ್ಲ.

ಓಕೆ ಇದೆ. ಫ್ಲೆಕ್ಸಿನ ಫೈಲುಗಳಿವೆ. ವೇಸ್ಟ್ ಇಲ್ಲ. ಫೋನಿನಲ್ಲಿ ಇಲ್ಲ, ಕಂಪ್ಯೂಟರಿನಲ್ಲಿ ಇಲ್ಲ, ಡಬ್ಬಿಯಲ್ಲಿ ಇಲ್ಲ.

ಅಕ್ಟೋಬರ್ 10, ಶುಕ್ರವಾರ

ನಡೆದದ್ದು ಇಷ್ಟು. ಚಿಕ್ಕವಳಿಗೆ ಕಾಲೇಜಿನ ಪ್ರಾಜೆಕ್ಟ್ ಮಾಡಬೇಕಿತ್ತು. ಹೊಸ ಎಸ್‌ಎಸ್‌ಡಿಯಲ್ಲಿ ಜಾಗ ಕಡಿಮೆ. ಮೋಹನ್ ಮೊದಲೇ ಹೇಳಿದ್ದರು, ನನಗೆ ವೇಗವೇ ಬೇಕಿತ್ತು. ಕಂಪ್ಯೂಟರು ತುಂಬಿದೆ, ಏನಾದರೂ ತೆಗೆ ಎನ್ನುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ವೇಸ್ಟ್. ಡಬ್ಬಿಯಲ್ಲಿ ಹೇಗಿದ್ದರೂ ಇದೆಯಲ್ಲ ಎಂದುಕೊಂಡು ಕಂಪ್ಯೂಟರಿನಿಂದ ಅದನ್ನು ಅಳಿಸಿದಳು, ಕಂಪ್ಯೂಟರಿನ ಕಸದ ಬುಟ್ಟಿಯಿಂದಲೂ ತೆಗೆದಳು.

ಕನ್ನಡಿಯ ಮುಂದಿನಿಂದ ಸರಿದರೆ ಕನ್ನಡಿಯಲ್ಲಿ ಯಾರಿರುತ್ತಾರೆ? ಇಲ್ಲಿ ಅಳಿಸಿದ್ದನ್ನು ಡಬ್ಬಿಯೂ ಅಳಿಸಿತು. ಅವಳಿಗೆ ಅನುಮಾನ ಬಂದು ಕೇಬಲ್ ಕೀಳಲು ಓಡಿದಳಂತೆ. ನಡುಮನೆಯ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಮುಗಿದಿತ್ತು. ಅಷ್ಟು ಚುರುಕು.

"ಅಮ್ಮ, ಡಬ್ಬೀಲಿ ಐತೆ ಅಂತಾನೆ ತೆಗ್ದೆ ಕಣಮ್ಮ. ನಿನ್ನಾಣೆ ಕಣಮ್ಮ" ಎಂದು ಬಾಗಿಲ ಹತ್ತಿರವೇ ನಿಂತು ಹೇಳಿದಳು.

ಆಯ್ತು ಬಿಡಮ್ಮ ಎಂದೆ. ಬೇರೇನೂ ಹೇಳಲಿಲ್ಲ.

ಅಕ್ಟೋಬರ್ 12, ಭಾನುವಾರ

ಡಬ್ಬಿಯನ್ನು ಮಗುವಿನ ಹಾಗೆ ಸೀರೆಯಲ್ಲಿ ಸುತ್ತಿಕೊಂಡು ಕಡೂರಿಗೆ ಹೋದೆ. ಮೋಹನ್ ತುಂಬ ಹೊತ್ತು ನೋಡಿದರು. ಕೊನೆಗೆ ಕನ್ನಡಕ ತೆಗೆದ ರೀತಿಯಲ್ಲೇ ಗೊತ್ತಾಯಿತು. ಡಾಕ್ಟರೂ ಹಾಗೆಯೇ ತೆಗೆದಿದ್ದರು.

"ತಿರುಗೋ ಡಿಸ್ಕ್ ಆಗಿದ್ರೆ ಅಳಿಸಿದ್ ಮೇಲೂ ಗುರ್ತು ಉಳ್ಕೊಂಡಿರುತ್ತೆ ಟೀಚರ್. ಕೆದಕಿ ತೆಗೀಬಹುದು. ಎಸ್‌ಎಸ್‌ಡಿ ಹಂಗಲ್ಲ. ಅಳಿಸು ಅಂದ್ರೆ ಗುಡ್ಸಿ ಸಾರ್ಸಿ ಮುಂದಿನ ಕೆಲ್ಸಕ್ಕೆ ರೆಡಿ ಆಗ್ಬಿಡುತ್ತೆ. ಅದ್ರ ಸ್ಪೀಡ್ ಬರೋದೇ ಹಂಗೆ."

"ಬುಟ್ಟಿ ಇದ್ದಿದ್ರೆ?"

ಅವರು ಸುಮ್ಮನೆ ರಿಸೈಕಲ್ ಬಿನ್ ಆನ್ ಮಾಡಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಹಳೆಯ ಡಿಸ್ಕನ್ನು ಬೆಂಗಳೂರಿಗೆ ಕಳಿಸಿ ನೋಡುತ್ತೇನೆ, ಆಸೆ ಇಟ್ಟುಕೊಳ್ಳಬೇಡಿ ಎಂದರು. ಆಸೆ ಅವರು ಹೇಳಿದ ಹಾಗೆ ಕೇಳುತ್ತದೆಯೇ?

ಬರುವಾಗ ಬಸ್ಸಿನಲ್ಲಿ ಅವಳ ಮಾತುಗಳನ್ನು ನೆನಪಿನಿಂದಲೇ ಹೇಳಿಕೊಳ್ಳಲು ನೋಡಿದೆ. ಹಾಲು ಉಕ್ಕಿದ್ದು ಬಂತು. ಮಳೆ ಬಂದಾಗ ಒಣಗಿದ ಬಟ್ಟೆ ಒಳಗೆ ತರದೆ ಕೂತಿದ್ದಕ್ಕೆ ಬೈದದ್ದು ಬಂತು. ಅದಕ್ಕೆ ಅವಳು ಏನೆಂದಿದ್ದಳು? ಏನೋ ತಮಾಷೆ ಮಾಡಿದ್ದಳು, ನಾನೂ ನಕ್ಕಿದ್ದೆ. ಅದು ಬರಲಿಲ್ಲ. ಬೀರೂರು ದಾಟಿದರೂ ಬರಲಿಲ್ಲ. ಪಕ್ಕದ ಹೆಂಗಸು ನನ್ನ ಮಡಿಲಿನ ಗಂಟು ನೋಡಿ, ಕೂಸಿಗೆ ಎಷ್ಟು ತಿಂಗಳವ್ವ ಎಂದು ಕೇಳಿದಳು.

ಅಕ್ಟೋಬರ್ 15, ಬುಧವಾರ

ಇವರು ರಜೆ ಹಾಕಿ ಬಂದಿದ್ದಾರೆ. ಅತ್ತೆ ಫೋನು ಮಾಡಿ ಕರೆಸಿರಬೇಕು.

"ಆ ಹುಡುಗಿ ಮಂಕಾಗಿ ಹೋಗವ್ಳೆ. ನೀನು ಏನಂದೆ ಅವಳಿಗೆ?" ಎಂದರು.

"ಏನೂ ಅಂದಿಲ್ಲ. ಆಯ್ತು ಬಿಡು ಅಂದೆ. ದನಿ ಸಹ ಎತ್ತಿಲ್ಲ."

ನಿಜವನ್ನೇ ಹೇಳಿದೆ. ಬೇರೆ ತಾಯಿಯಾಗಿದ್ದರೆ ಸೂರು ಹಾರಿಹೋಗುವ ಹಾಗೆ ಕೂಗಾಡುತ್ತಿದ್ದಳು. ನಾನು ಬೈಯಲಿಲ್ಲ, ಕೇಳಲಿಲ್ಲ, ಬೆಳಗ್ಗೆ ಊಟದ ಡಬ್ಬಿಗೆ ಚಿತ್ರಾನ್ನ ಹಾಕಿಕೊಟ್ಟೆ, ಸಂಜೆ ಕಾಫಿ ಕೊಟ್ಟೆ. ಇನ್ನೆಷ್ಟು ತಡೆದುಕೊಳ್ಳಬೇಕು? ಇವರು ತಲೆ ಕೆರೆದುಕೊಂಡು ಎದ್ದು ಹೋದರು.

ಅಕ್ಟೋಬರ್ 18, ಶನಿವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಚಿಕ್ಕವಳು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದಳು. ಸಾಕಾದರೆ ಬಿಡಮ್ಮ, ಕಷ್ಟಪಟ್ಟು ತಿನ್ನಬೇಡ ಎಂದೆ.

ತಟ್ಟೆಯನ್ನು ತಳ್ಳಿಬಿಟ್ಟಳು. ಸಾರು ನೆಲಕ್ಕೆ ಚೆಲ್ಲಿತು.

"ಬೈಯಮ್ಮ!" ಎಂದು ಕಿರುಚಿದಳು. "ಬಾಯ್ತುಂಬ ಬೈ. ಅಕ್ಕನ್ನ ಬೈದಂಗೆ ಬೈ. ನೆಂಟರ ಮನೆ ಮಗೂನ ಮಾತಾಡ್ಸಿದಂಗೆ ಮಾತಾಡ್ಸ್ತೀಯಲ್ಲ, ನಾನ್ ಯಾರು ನಿಂಗೆ? ಬಸ್ಸಿಂದ ಬಿದ್ದು ಮೊಣಕಾಲು ಕಿತ್ಕೊಂಡ್ ಬಂದೆ, ನೀನು ಕಿವೀಲಿ ಅದನ್ನ ಸಿಕ್ಕಿಸ್ಕೊಂಡಿದ್ದೆ. ಆ ವಿಡಿಯೊದಲ್ಲಿ ದಿನಾ ನೀನು ಅಕ್ಕನ್ನ ಲೇ ಅಂತೀಯ, ಕತ್ತೆ ಅಂತೀಯ, ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ಅವಳು ಸತ್ ಮೇಲೂ ಬೈಸ್ಕೊಂತಾವ್ಳೆ. ನಾನು ಅವಳ ಧ್ವನೀನೇ ಅಳ್ಸಿಬಿಟ್ರೂ ನಂಗೆ ಒಂದು ಮಾತು ಬೈಯಲ್ಲ ನೀನು."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಬೈಯಬೇಕೆಂದುಕೊಂಡೆ. ನಿಜವಾಗಿ ಅಂದುಕೊಂಡೆ.  ಒದ್ದೆ ಬಟ್ಟೆ ತಂದು ಚೆಲ್ಲಿದ ಸಾರು ಒರೆಸಿದೆ. ಅವಳು ನಾನು ಒರೆಸುವುದನ್ನೇ ನೋಡುತ್ತಿದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಿದ್ದದ್ದು ಯಾವಾಗ, ಬ್ಯಾಂಡೇಜು ಹಾಕಿಸಿದವರು ಯಾರು ಎಂದು ಅತ್ತೆಯನ್ನು ಕೇಳಿದೆ. ಒಬ್ಬಳೇ ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದಳಂತೆ.

ಅಕ್ಟೋಬರ್ 27, ಸೋಮವಾರ

ಬೆಂಗಳೂರಿನಿಂದ ಡಿಸ್ಕ್ ವಾಪಸ್ ಬಂತು ಎಂದು ಮೋಹನ್ ಫೋನು ಮಾಡಿದರು. ಒಳಗೆಲ್ಲ ಗೀರು ಬಿದ್ದಿದೆಯಂತೆ, ಏನೂ ಸಿಗಲಿಲ್ಲವಂತೆ. ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ನಿಂತು ಅತ್ತುಬಿಟ್ಟೆ. ಅದು ಹೋಯಿತು. ಇನ್ನು ಬರುವುದಿಲ್ಲ. ಅವಳು ಹೋದಾಗ ಒಂದು ಸಲ, ಈಗ ಇನ್ನೊಂದು ಸಲ. ಮುಖ ತೊಳೆದುಕೊಂಡು ನಾಲ್ಕನೇ ತರಗತಿಗೆ ಭಾಗಾಕಾರ ಹೇಳಿಕೊಟ್ಟೆ.

ಸಂಜೆ ಚಿಕ್ಕವಳಿಗೆ, ಧನುಶ್ರೀಗೆ ಹೇಳಿದೆ. ಅವಳು ಹತ್ತಿರ ಬಂದು ಕೂತಳು. 

ನವೆಂಬರ್ 6, ಗುರುವಾರ

ಇವತ್ತು ಧನು ಸಂಜೆಯ ಬಸ್ಸಿಗೆ ಬರಲಿಲ್ಲ. ಮುಂದಿನ ಬಸ್ಸಿಗೂ ಇಲ್ಲ. ಫೋನು ಸ್ವಿಚ್ ಆಫ್. ದೀಪ ಹಚ್ಚುವ ಹೊತ್ತಾಯಿತು, ದಾಟಿತು. ಅತ್ತೆ ಜಗುಲಿಯಲ್ಲಿ, ನಾನು ರಸ್ತೆಯಲ್ಲಿ. ಕಾಲೇಜಿನಲ್ಲಿ ಅವಳ ಗೆಳತಿಯರು ಯಾರು, ಅವರ ಮನೆ ಎಲ್ಲಿ, ಒಂದು ಹೆಸರೂ ನನಗೆ ಗೊತ್ತಿರಲಿಲ್ಲ. ಯಾರಿಗೆ ಫೋನು ಮಾಡುವುದು? 

ಆಮೇಲೆ ತಿರುವಿನಲ್ಲಿ ಬ್ಯಾಗು ನೇತುಹಾಕಿಕೊಂಡು, ಇನ್ನೂ ಸ್ವಲ್ಪ ಕುಂಟುತ್ತಲೇ, ಕಡಲೆಕಾಯಿ ತಿನ್ನುತ್ತಾ ಬಂದಳು. ಕಡಲೆಕಾಯಿ ತಿನ್ನುತ್ತಾ!

"ಎಲ್ಲಿ ಹಾಳಾಗಿ ಹೋಗಿದ್ಯೇ ಕತ್ತೆ?" ಎಂದು ಶುರುವಾದದ್ದು ಎಲ್ಲಿಗೆ ಹೋಗಿ ನಿಂತಿತೋ ನನಗೇ ತಿಳಿಯದು. ಎದುರು ಮನೆಯವರು ಕಿಟಕಿ ತೆರೆದರು. ಬಸ್ಸಿನ ಟೈರು ಪಂಚರ್ ಆಯ್ತು, ಚಾರ್ಜ್ ಇರಲಿಲ್ಲ ಎಂದು ಅವಳು ಹೇಳಲು ನೋಡಿದಳು. "ಪಕ್ಕದವರ ಫೋನಿಗೆ ಬರ ಬಂದಿತ್ತೇನೇ? ಮನೇಲಿ ಒಬ್ಬಳು ಕಾಯ್ತಾಳೆ ಅನ್ನೋ ಗ್ಯಾನ ಬೇಡ್ವೇನೇ ಲೇ? ನಿನ್ನನ್ನೂ ಕಳ್ಕೊಂಡು ನಾನ್ ಯಾವ ಗೋಡೆಗೆ ತಲೆ ಚಚ್ಕೊಬೇಕು?" ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ಕಿತ್ತು ಬೀದಿಗೆ ಎಸೆದೆ. ಅವಳು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಜಗುಲಿಯಿಂದ ಅತ್ತೆ, "ಒಳಕ್ಕೆ ಕರ್ಕಂಡು ಬಂದು ಬೈಯವ್ವ, ಚಳಿ ಐತೆ" ಎಂದರು. ಒಳಗೆ ಕರೆದುಕೊಂಡು ಬಂದು ಬೈದೆ.

ಬೈದು ಮುಗಿದ ಮೇಲೆ ಗಂಟಲು ಕಿತ್ತುಬರುವ ಹಾಗೆ ನೋಯುತ್ತಿತ್ತು. ಭೂಮಿಕಾ ಇದ್ದಾಗ ಹೀಗೆ ನೋಯುತ್ತಿರಲಿಲ್ಲ, ಅಭ್ಯಾಸವಿತ್ತು. ಧನು ನೀರು ಬಿಸಿ ಮಾಡಿ ಉಪ್ಪು ಹಾಕಿ ಬಾಯಿ ಮುಕ್ಕಳಿಸಲು ತಂದುಕೊಟ್ಟಳು. ಉಪ್ಪು ಜಾಸ್ತಿಯಾಗಿತ್ತು, ಅದಕ್ಕೂ ಬೈದೆ.